ಹತ್ತಿಯ ಹಸಿವು ಮತ್ತು ಕಾರವಾರದ ಸೀಮೆ

ಹತ್ತೊಂಬತ್ತನೆಯ ಶತಮಾನದ ನಡುಗಾಲ. ಅಂಕೋಲೆಯ ಶೆಟಗೇರಿಯಂಥ ಊರುಗಳ ರೈತರು ಗದ್ದೆಯ ತೀರ್ವೆಯನ್ನು ಮದರಾಸು ಸರಕಾರಕ್ಕೆ ಕಟ್ಟುತ್ತಿದ್ದರು. 1862ರಿಂದ ಅದೇ ತೀರ್ವೆ ಮುಂಬಯಿ ಸರಕಾರದ ಬೊಕ್ಕಸಕ್ಕೆ ಹೋಗತೊಡಗಿತು. ಯುದ್ಧವಾಗಲಿಲ್ಲ, ರಾಜ್ಯ ಬೀಳಲಿಲ್ಲ. ಆದರೂ ಒಂದು ಜಿಲ್ಲೆ ಇಡಿಯಾಗಿ ಕೈ ಬದಲಾಯಿಸಿತು. ಅದನ್ನು ಮಾಡಿಸಿದವರು ಮ್ಯಾಂಚೆಸ್ಟರ್ ಮತ್ತು ಮುಂಬಯಿಯ ವರ್ತಕರು. ಅವರ ಬೆನ್ನಿಗೆ ಬೆಂಕಿ ಹಚ್ಚಿದ್ದು ಅಮೆರಿಕದ ರಾಜಕಾರಣ.

ಆ ಕಾಲದ ಅಮೆರಿಕದಲ್ಲಿ ಎರಡು ಬಣಗಳು ವಾಷಿಂಗ್ಟನ್ನಿನ ಮೇಲೆ ಎಡೆಬಿಡದೆ ಒತ್ತಡ ಹೇರುತ್ತಿದ್ದವು. ದಕ್ಷಿಣದ ಹತ್ತಿ ತೋಟಗಳ ಧಣಿಗಳದು ಒಂದು. 1833ರಲ್ಲಿ ಸ್ಥಾಪನೆಯಾದ ಗುಲಾಮಗಿರಿ ವಿರೋಧಿ ಸಂಘ ಮತ್ತು ಅದರ ಬೆಂಬಲಿಗರದು ಇನ್ನೊಂದು. ಸಂಘದವರು ಸಾವಿರಾರು ಸಹಿಗಳ ಅರ್ಜಿಗಳನ್ನು ಪ್ರತಿನಿಧಿ ಸಭೆಗೆ ಕಳಿಸಿದರು. ಧಣಿಗಳ ಪಕ್ಷದವರು ಆ ಅರ್ಜಿಗಳನ್ನು ಚರ್ಚೆಗೇ ಎತ್ತಿಕೊಳ್ಳಬಾರದೆಂದು 1836ರಲ್ಲಿ ನಿಯಮ ಮಾಡಿಸಿದರು. ಆ ನಿಯಮ 1844ರವರೆಗೆ ನಡೆಯಿತು. ಅರ್ಜಿಯ ಬಾಯಿ ಕಟ್ಟಿದ ಮಾತ್ರಕ್ಕೆ ಜಗಳ ತೀರಲಿಲ್ಲ. 1861ರಲ್ಲಿ ಅದು ಅಂತರ್ಯುದ್ಧವಾಗಿ ಸ್ಫೋಟಿಸಿತು. ಅಧ್ಯಕ್ಷ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ದಕ್ಷಿಣದವರೂ ಇಂಗ್ಲೆಂಡನ್ನು ತಮ್ಮ ಪಕ್ಷಕ್ಕೆ ಎಳೆಯಲೆಂದು ಆರಂಭದಲ್ಲಿ ಹತ್ತಿಯನ್ನು ತಾವೇ ತಡೆದಿಟ್ಟರು. ಲ್ಯಾಂಕಾಶೈರಿನ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಗಿರಣಿಗಳು ನಿಂತವು, ಕೂಲಿಕಾರರು ಬೀದಿಗೆ ಬಿದ್ದರು.

ಮ್ಯಾಂಚೆಸ್ಟರಿನವರು ಈ ಗಂಡಾಂತರವನ್ನು ಮೊದಲೇ ಊಹಿಸಿದ್ದರು. 1857ರಲ್ಲೇ ಹತ್ತಿ ಸರಬರಾಜು ಸಂಘವನ್ನು ಕಟ್ಟಿಕೊಂಡು, ಭಾರತದಲ್ಲಿ ರಸ್ತೆ, ಬಂದರು ಮಾಡಿಸಿರೆಂದು ಲಂಡನ್ನಿನ ಸರಕಾರದ ಬೆನ್ನು ಹತ್ತಿದ್ದರು. ಅವರ ಕಣ್ಣು ಧಾರವಾಡ ಸೀಮೆಯ ಮೇಲಿತ್ತು. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿತ್ತು. ನಾಡ ಹತ್ತಿಯಂತೂ ಕುಮಟೆಯ ಬಂದರಿನಿಂದ ಹಡಗು ಏರುತ್ತಿದ್ದುದರಿಂದ ಹೊರದೇಶದ ಪೇಟೆಯಲ್ಲಿ ಕುಮಟೆಯ ಹೆಸರಿನಿಂದಲೇ ಹೆಸರಾಗಿತ್ತು. ಹತ್ತಿಯ ಅಂಡಿಗೆಗಳನ್ನು ಹೊತ್ತ ಎತ್ತುಗಳು ಘಟ್ಟ ಇಳಿದು ಬರಬೇಕು, ಮಳೆ ಹಿಡಿದರೆ ದಾರಿಯೇ ಇಲ್ಲ, ಕುಮಟೆಯಲ್ಲಿ ದೊಡ್ಡ ಹಡಗಿಗೆ ಆಸರೆಯಿಲ್ಲ. ಕಾಳಿ ನದಿಯ ಅಳಿವೆಯ ದಕ್ಷಿಣಕ್ಕಿರುವ ಕಾರವಾರದ ಕೊಲ್ಲಿಯಾದರೋ ಗುಡ್ಡ, ದ್ವೀಪಗಳ ಮರೆಯಲ್ಲಿ ಅಲೆಯಿಲ್ಲದೆ ಮಲಗಿತ್ತು. ಅಲ್ಲಿ ಬಂದರು ಮಾಡಿ, ಕೈಗಾ ಘಟ್ಟದಲ್ಲಿ ರಸ್ತೆ ಕಡಿದರೆ ಧಾರವಾಡದ ಹತ್ತಿ ನೇರವಾಗಿ ಇಂಗ್ಲೆಂಡಿಗೆ ಹರಿಯುತ್ತದೆಂಬುದು ಅವರ ಲೆಕ್ಕ.

ತೊಡಕಿದ್ದುದು ಆಡಳಿತದಲ್ಲಿ. ಹತ್ತಿ ಬೆಳೆಯುವ ಧಾರವಾಡ ಮುಂಬಯಿಗೆ ಸೇರಿದ್ದು, ಬಂದರು ಆಗಬೇಕಾದ ನೆಲ ಮದರಾಸಿನದು. ದೂರದ ಮದರಾಸಿಗೆ ಈ ಬಂದರಿನ ಅವಸರವಿರಲಿಲ್ಲ. ಭಾರತ ಮಂತ್ರಿ ಸರ್ ಚಾರ್ಲ್ಸ್ ವುಡ್ ಅವರ ಮೇಲೆ ಅರ್ಜಿಗಳು ಬಿದ್ದವು, ನಿಯೋಗಗಳು ಹೋದವು. ಆಗಷ್ಟೇ ದಕ್ಷಿಣ ಕನ್ನಡದಿಂದ ಬೇರೆಯಾಗಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿತು. ಕುಂದಾಪುರ ತಾಲೂಕನ್ನು ಮಾತ್ರ ಮದರಾಸು ಉಳಿಸಿಕೊಂಡಿತು. ಹೊನ್ನಾವರದಲ್ಲಿದ್ದ ಜಿಲ್ಲಾ ಕಚೇರಿ ಕಾರವಾರಕ್ಕೆ ಬಂತು. ಕರಾವಳಿಯ ಕನ್ನಡಿಗರು ಎರಡು ಇಲಾಖೆಗಳ ಪಾಲಾದರು. ಅವರನ್ನು ಒಂದು ಮಾತು ಕೇಳಿದವರಿಲ್ಲ. ಕೇಳಬೇಕಾದ ಸಭೆಯೂ ಅವರಿಗಿರಲಿಲ್ಲ, ಮತವೂ ಇರಲಿಲ್ಲ. ನನ್ನನ್ನು ಕಾಡುವುದು ಇದೇ. ಒತ್ತಡ ಹೇರುವುದು ತಪ್ಪಲ್ಲ. ಒಂದು ಕಡೆಗೇ ಬಾಯಿರುವಲ್ಲಿ ಅದು ಅನ್ಯಾಯವಾಗುತ್ತದೆ.

ಮ್ಯಾಂಚೆಸ್ಟರಿನ ಒಂದು ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಕಾರವಾರಕ್ಕೆ ಕಳಿಸಿತು. ಅವು ಬಂದಾಗ ಇಳಿಸಲು ಸರಿಯಾದ ಧಕ್ಕೆಯಿಲ್ಲ, ಸಾಗಿಸಲು ರಸ್ತೆ ಮುಗಿದಿಲ್ಲ. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಮರುವರ್ಷವೇ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ವರ್ತಕರ ಉತ್ಸಾಹ ಇಳಿಯಿತು. ಹುಬ್ಬಳ್ಳಿ–ಕಾರವಾರ ರೈಲಿನ ಯೋಜನೆಯನ್ನು ಕೈಬಿಟ್ಟರು. 1880ರ ದಶಕದಲ್ಲಿ ಹಳಿ ಗೋವೆಯ ಮಾರ್ಮಗೋವೆಗೆ ಹೋಯಿತು. ಜಿಲ್ಲೆ ಮಾತ್ರ ಮುಂಬಯಿಯಲ್ಲೇ ಉಳಿಯಿತು.

ಅಂಕೋಲೆಯವರು ತಮ್ಮ ದನಿಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. 1930ರ ಏಪ್ರಿಲ್ 13ರಂದು ಅವರು ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯಿದೆ ಮುರಿದರು. ಮುಂದೆ ಸೂರ್ವೆ ಮೊದಲಾದ ಹಳ್ಳಿಗಳ ರೈತರು ಕರನಿರಾಕರಣೆಗೆ ಇಳಿದರು. ಸರಕಾರ ಜಮೀನು ಮುಟ್ಟುಗೋಲು ಹಾಕಿತು, ಮನೆಯ ಪಾತ್ರೆಪಗಡೆಗಳನ್ನೂ ಬಿಡಲಿಲ್ಲ, ಹೆಂಗಸರೂ ಜೈಲು ಕಂಡರು. ಮ್ಯಾಂಚೆಸ್ಟರಿನವರು ಲಾಭಕ್ಕಾಗಿ ಸರಕಾರವನ್ನು ಒತ್ತಿದರೆ, ಇವರು ಇದ್ದುದನ್ನೆಲ್ಲ ಕಳೆದುಕೊಂಡು ಒತ್ತಿದರು. ನನ್ನ ಮಟ್ಟಿಗೆ ಈ ಸೀಮೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕಾರ್ಯವಿಲ್ಲ.

1937ರಲ್ಲಿ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಮಂಡಲ ಮುಟ್ಟುಗೋಲಾದ ಜಮೀನುಗಳನ್ನು ರೈತರಿಗೆ ಮರಳಿ ಕೊಡಿಸಲು ಮುಂದಾಯಿತು. ಜಿಲ್ಲೆ ಮುಂಬಯಿಯನ್ನು ಬಿಟ್ಟು ಕನ್ನಡಿಗರ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಹತ್ತಿಯ ವರ್ತಕರು ಅದನ್ನು ಅತ್ತ ಸಾಗಿಸಿದ 94 ವರ್ಷಗಳ ಮೇಲೆ.