ಅಪ್ರೆಂಟಿಸ್ ಪದ್ಧತಿ

ಒಂದು ಕಸುಬನ್ನು ಅದು ನಡೆಯುವ ಸ್ಥಳದಲ್ಲಿಯೇ, ಅದನ್ನು ಬಲ್ಲವರ ಕೈಕೆಳಗೆ, ಗೊತ್ತುಪಡಿಸಿದ ಅವಧಿಯವರೆಗೆ ಇದ್ದು ಕಲಿಯುವುದಕ್ಕಾಗಿ ಕಲಿಯುವವನಿಗೂ ಕಲಿಸುವವನಿಗೂ ನಡುವೆ ಏರ್ಪಡುವ ಕರಾರಿನ ವ್ಯವಸ್ಥೆ. ಕರ್ನಾಟಕದ ಸರ್ಕಾರಿ ಪ್ರಕಟಣೆಗಳಲ್ಲಿ ಹೀಗೆ ಕಲಿಯುವವರನ್ನು ಶಿಶಿಕ್ಷುಗಳೆಂದೂ ಅವರಿಗೆ ತಿಂಗಳಿಗಿಷ್ಟೆಂದು ಸಲ್ಲುವ ಹಣವನ್ನು ಶಿಷ್ಯವೇತನವೆಂದೂ ಕರೆಯುವುದುಂಟು. ಕಾರ್ಖಾನೆಗಳ ಆಡುಮಾತಿನಲ್ಲಿ ಮಾತ್ರ ಅಪ್ರೆಂಟಿಸ್, ಸ್ಟೈಪೆಂಡ್ ಎಂಬ ಪದಗಳೇ ನೆಲೆನಿಂತಿವೆ. ಶಿಷ್ಯನೂ ವೇತನವೂ ಒಂದೇ ಸಮಾಸದಲ್ಲಿ ಕೂಡಿಕೊಂಡಿರುವುದು ಅರ್ಥಪೂರ್ಣವಾಗಿದೆ. ಇಂಥವನು ವಿದ್ಯಾರ್ಥಿಯೋ ದುಡಿಮೆಗಾರನೋ ಎಂಬ ಪ್ರಶ್ನೆಯೇ ಈ ಪದ್ಧತಿಯ ಇತಿಹಾಸದುದ್ದಕ್ಕೂ ಮತ್ತೆ ಮತ್ತೆ ತಲೆಯೆತ್ತಿದೆ.

ಪ್ರಾಚೀನ ಭಾರತದ ಧರ್ಮಶಾಸ್ತ್ರಗಳು ಶಿಲ್ಪವನ್ನು, ಎಂದರೆ ಕೈಗಸುಬನ್ನು, ಕಲಿಯಲು ಗುರುವಿನ ಮನೆಯಲ್ಲಿ ವಾಸಿಸುವವನನ್ನು ಅಂತೇವಾಸಿ ಎಂದು ಕರೆದಿವೆ. ನಾರದಸ್ಮೃತಿಯ ಪಟ್ಟಿಯಲ್ಲಿ ಅವನ ಸ್ಥಾನ ವೇದ ಕಲಿಯುವ ಶಿಷ್ಯನಿಗೂ ಕೂಲಿಗೆ ದುಡಿಯುವ ಭೃತಕನಿಗೂ ನಡುವೆ ಬರುತ್ತದೆ. ಬಂಧುಗಳ ಒಪ್ಪಿಗೆ ಪಡೆದು, ಅವಧಿಯನ್ನು ಮೊದಲೇ ನಿಶ್ಚಯಿಸಿಕೊಂಡು ಬಂದ ಹುಡುಗನಿಗೆ ಗುರುವು ತನ್ನ ಮನೆಯಲ್ಲಿಯೇ ಊಟವಿಕ್ಕಿ ಕಲಿಸಬೇಕು, ಅವನಿಂದ ಬೇರೆ ಕೆಲಸ ಮಾಡಿಸಕೂಡದು, ಮಗನಂತೆ ನಡೆಸಿಕೊಳ್ಳಬೇಕು ಎಂದು ಆ ಸ್ಮೃತಿ ವಿಧಿಸುತ್ತದೆ; ನಿರ್ದೋಷಿಯಾದ ಗುರುವನ್ನು ಬಿಟ್ಟುಹೋದವನನ್ನು ಬಲವಂತವಾಗಿ ಕರೆತರಲೂ ಅದೇ ಸ್ಮೃತಿ ಅವಕಾಶ ಕೊಡುತ್ತದೆ. ಕಸುಬು ಬೇಗ ಕೈವಶವಾದರೂ ಅಂತೇವಾಸಿಯು ಒಪ್ಪಿದ ಕಾಲವನ್ನು ಪೂರೈಸಲೇಬೇಕು, ಆ ಕಾಲದಲ್ಲಿ ಅವನ ದುಡಿಮೆಯ ಫಲ ಗುರುವಿಗೆ ಸೇರತಕ್ಕದ್ದು ಎಂಬ ನಿಯಮ ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಇದೆ. ಈ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಕಲಿತ ಮೇಲೂ ಉಳಿಯಬೇಕಾದ ಆ ಅವಧಿಯೇ ಗುರುದಕ್ಷಿಣೆಯ ಸ್ಥಾನದಲ್ಲಿತ್ತೆಂದು ತೋರುತ್ತದೆ.

ಭಾರತದ ಆಧುನಿಕ ಕಾನೂನು ಮಾತ್ರ ಈ ಸ್ಮೃತಿಗಳಿಂದ ಬೆಳೆದುದಲ್ಲ. ಅದರ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ 1563ರ ಶಾಸನವೊಂದು ಏಳು ವರ್ಷ ಅಪ್ರೆಂಟಿಸ್ ಆಗಿರದವನು ಅಂದಿನ ಕಸುಬುಗಳನ್ನು ಸ್ವತಂತ್ರವಾಗಿ ನಡೆಸಕೂಡದೆಂದು ಕಟ್ಟುಮಾಡಿತ್ತು. ಸಾಮಾನ್ಯ ಕಸುಬುಗಳಿಗೆ ಇಷ್ಟು ದೀರ್ಘವಾದ ಕಲಿಕೆ ಅನವಶ್ಯಕವೆಂದೂ ಸ್ಪರ್ಧೆಯನ್ನು ತಡೆಯುವುದೇ ಅದರ ಫಲವೆಂದೂ ಆಡಮ್ ಸ್ಮಿತ್ 1776ರಲ್ಲಿ ವಾದಿಸಿದನು. 1814ರಲ್ಲಿ ಪಾರ್ಲಿಮೆಂಟು ಆ ಕಟ್ಟನ್ನು ತೆಗೆದುಹಾಕಿತು. ಅಲ್ಲಿ ಕಡ್ಡಾಯ ಹೋದರೂ ಕರಾರಿನ ರೂಪ ಉಳಿಯಿತು, ಅದೇ ರೂಪ ಭಾರತಕ್ಕೆ ಬಂದಿತು.

1850ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಹೊರಡಿಸಿದ ಅಪ್ರೆಂಟಿಸ್ ಕಾಯ್ದೆಯ ಕಣ್ಣು ಕೈಗಾರಿಕೆಗಿಂತ ಹೆಚ್ಚಾಗಿ ಅನಾಥರ ಮತ್ತು ಧರ್ಮದ ಹಣದಲ್ಲಿ ಬೆಳೆಯುವ ಬಡಮಕ್ಕಳ ಮೇಲಿತ್ತು. ಹತ್ತರಿಂದ ಹದಿನೆಂಟು ವರ್ಷದೊಳಗಿನ ಮಗುವನ್ನು ತಂದೆ ಅಥವಾ ಪಾಲಕರು ಏಳು ವರ್ಷ ಮೀರದ ಅವಧಿಗೆ ಕರಾರಿನಿಂದ ಒಪ್ಪಿಸಬಹುದಿತ್ತು. ಹೆಣ್ಣುಮಗುವಾದರೆ ಮದುವೆಯೊಡನೆ ಕರಾರು ಮುಗಿಯುತ್ತಿತ್ತು. ಕೈಗಾರಿಕೆಗೆ ಬೇಕಾದ ಕುಶಲಕರ್ಮಿಗಳನ್ನು ತಯಾರುಮಾಡುವ ಕೆಲಸಕ್ಕೆ ಮುಂದೆ ರೈಲ್ವೆ ಕಾರ್ಯಾಗಾರಗಳು ದೊಡ್ಡ ನೆಲೆಗಳಾದವು. ಬಿಹಾರದಲ್ಲಿ 1862ರಲ್ಲಿ ಆರಂಭವಾದ ಜಮಾಲ್‌ಪುರದ ಕಾರ್ಯಾಗಾರ ಅವುಗಳಲ್ಲಿ ಮುಖ್ಯವಾದುದು.

ಸ್ವಾತಂತ್ರ್ಯಾನಂತರ ಬಂದ 1961ರ ಅಪ್ರೆಂಟಿಸ್ ಕಾಯ್ದೆ ಹಳೆಯ ಕಾಯ್ದೆಯನ್ನು ರದ್ದುಪಡಿಸಿ, ಕಲಿಸುವ ಹೊಣೆಯನ್ನು ಮಾಲೀಕರ ಇಚ್ಛೆಗೆ ಬಿಡದೆ ಅವರ ಕರ್ತವ್ಯವಾಗಿಸಿತು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ, 1986ರ ತಿದ್ದುಪಡಿಯಿಂದ ವೃತ್ತಿಶಿಕ್ಷಣದ ವಿದ್ಯಾರ್ಥಿಗಳೂ ಅದರ ವ್ಯಾಪ್ತಿಗೆ ಸೇರಿದರು. ಕಾಯ್ದೆಯ ಹದಿನೆಂಟನೆಯ ಕಲಮು ಅಪ್ರೆಂಟಿಸನು ಕಲಿಯುವವನೇ ಹೊರತು ಕಾರ್ಮಿಕನಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಾದರೋ ಕಾರ್ಮಿಕನ ವ್ಯಾಖ್ಯೆಯಲ್ಲಿಯೇ ಅಪ್ರೆಂಟಿಸನನ್ನು ಸೇರಿಸಿಕೊಂಡಿತ್ತು. ಆರೋಗ್ಯ, ಸುರಕ್ಷತೆ ಮತ್ತು ಕೆಲಸದ ವೇಳೆ ಆದ ಗಾಯಕ್ಕೆ ಪರಿಹಾರ ಇವುಗಳ ಮಟ್ಟಿಗೆ 1961ರ ಕಾಯ್ದೆಯೂ ಅವನನ್ನು ಕಾರ್ಮಿಕನಂತೆಯೇ ಕಾಣುತ್ತದೆ. ಕಾರ್ಖಾನೆಗಳು ಟ್ರೈನಿ ಎಂಬ ಹೆಸರಿನಿಂದ ನೇಮಿಸಿಕೊಳ್ಳುವವರೆಲ್ಲರೂ ಈ ಕಾಯ್ದೆಯ ಅಪ್ರೆಂಟಿಸರಲ್ಲ. ನೋಂದಾಯಿತ ಕರಾರು ಇದೆಯೇ ಇಲ್ಲವೇ ಎಂಬುದು ಅಲ್ಲಿ ಮುಖ್ಯವಾಗುತ್ತದೆ. ಗ್ಯಾರೇಜು, ಮರಗೆಲಸ, ಹೊಲಿಗೆಯಂಗಡಿಗಳಲ್ಲಿ ನಡೆಯುವ ಕಲಿಕೆಯಂತೂ ಬಹುಮಟ್ಟಿಗೆ ಯಾವ ಕಾಗದವೂ ಇಲ್ಲದೆ ಸಾಗುತ್ತದೆ.

ಕಾಯ್ದೆಯನ್ನು ಮೀರಿದ ಮಾಲೀಕರಿಗೆ ಸೆರೆವಾಸ ವಿಧಿಸುವ ಅವಕಾಶ 2014ರ ತಿದ್ದುಪಡಿಯಿಂದ ಹೋಗಿ ದಂಡ ಮಾತ್ರ ಉಳಿಯಿತು. 2016ರ ರಾಷ್ಟ್ರೀಯ ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರವು ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಭರಿಸಲು ಮುಂದಾಯಿತು. 2019ರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು.

ಕಲಿಕೆ ಮುಗಿದ ಮೇಲೆ ಕೆಲಸ ಸಿಗುವುದೇ ಎಂಬ ವಿಷಯದಲ್ಲಿ ಮೂಲ ಕಾಯ್ದೆ ಮಾಲೀಕರ ಮೇಲೆ ಹೊಣೆ ಹೊರಿಸಿರಲಿಲ್ಲ. ಉತ್ತರಪ್ರದೇಶದ ರಸ್ತೆ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ, ಉಳಿದ ಅರ್ಹತೆಗಳು ಸಮವಾಗಿರುವಾಗ ನೇರವಾಗಿ ಬಂದವರಿಗಿಂತ ತರಬೇತಿ ಪಡೆದ ಅಪ್ರೆಂಟಿಸರಿಗೆ ಆದ್ಯತೆ ಕೊಡಬೇಕೆಂದು ಹೇಳಿತು. 2014ರ ತಿದ್ದುಪಡಿ ಪ್ರತಿಯೊಬ್ಬ ಮಾಲೀಕನೂ ಈ ಬಗ್ಗೆ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬೇಕೆಂದು ವಿಧಿಸಿತು; ಆ ನೀತಿಯಲ್ಲಿ ಏನಿರಬೇಕೆಂಬುದನ್ನು ಮಾತ್ರ ಹೇಳಲಿಲ್ಲ.