ಮಂಗಳಯಾನದ ದಿನಚರಿ: ಅಂತರಗ್ರಹ ನೌಕೆಯೊಂದರ ನಿರ್ವಹಣೆಯ ಇತಿಹಾಸ, 2014–2022

ಭಾರತದ ಮೊದಲ ಅಂತರಗ್ರಹ ನೌಕೆಯಾದ ಮಂಗಳಯಾನವನ್ನು ಕುರಿತ ಬರಹಗಳು ಬಹುಮಟ್ಟಿಗೆ ಎರಡು ದಿನಗಳ ಸುತ್ತಲೇ ಹೆಣೆದುಕೊಂಡಿವೆ: ಪಿಎಸ್‌ಎಲ್‌ವಿ ರಾಕೆಟ್ ಅದನ್ನು ಶ್ರೀಹರಿಕೋಟದಿಂದ ಹೊತ್ತೊಯ್ದ 2013ರ ನವೆಂಬರ್ 5 ಮತ್ತು ಅದು ಮಂಗಳನ ಕಕ್ಷೆ ಸೇರಿದ 2014ರ ಸೆಪ್ಟೆಂಬರ್ 24. ಆರು ತಿಂಗಳ ಅವಧಿಗೆಂದು ರೂಪಿಸಿದ ನೌಕೆ ಏಳು ವರ್ಷಗಳನ್ನೂ ಮೀರಿ ಬಾಳಿದ್ದು ಹೇಗೆಂಬ ಪ್ರಶ್ನೆಗೆ ಉತ್ತರವನ್ನು ಮಾತ್ರ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ಇಸ್ಟ್ರಾಕ್ ಕೇಂದ್ರದ ದಿನಚರಿಯಲ್ಲಿ ಹುಡುಕಬೇಕಾಗುತ್ತದೆ.

ಆ ದಿನಚರಿಯ ಸ್ವರೂಪವನ್ನು ನಿರ್ಧರಿಸಿದ್ದು ದೂರ. ಎರಡು ಗ್ರಹಗಳ ಸ್ಥಾನಕ್ಕೆ ತಕ್ಕಂತೆ ರೇಡಿಯೊ ಸಂಕೇತ ಮಂಗಳವನ್ನು ಮುಟ್ಟಲು ಸುಮಾರು 3ರಿಂದ 22 ನಿಮಿಷ ಹಿಡಿಯುವುದರಿಂದ, ನೌಕೆಯನ್ನು ಆಯಾ ಕ್ಷಣಕ್ಕೆ ನಡೆಸುವುದು ಅಸಾಧ್ಯವಾಗಿತ್ತು. ಆದ್ದರಿಂದ ಯಾವ ಕೆಲಸ ಯಾವ ಹೊತ್ತಿಗೆ ನಡೆಯಬೇಕೆಂದು ಮುಂಚಿತವಾಗಿಯೇ ಗೊತ್ತುಮಾಡಿ, ಕಾಲಸೂಚಿತ ಆದೇಶಗಳ ಸರಣಿಯನ್ನು ಅದರ ಸ್ಮೃತಿಗೆ ತುಂಬಲಾಗುತ್ತಿತ್ತು. ತನ್ನ ಉಷ್ಣತೆ, ವಿದ್ಯುತ್ತು, ದಿಕ್ಕುಗಳ ಸ್ಥಿತಿಯನ್ನು ನೌಕೆ ತಿಳಿಸುವ ಅಂಕಿಗಳ ಪ್ರವಾಹಕ್ಕೆ ಟೆಲಿಮೆಟ್ರಿ ಎಂದು ಹೆಸರು. ಚಂದ್ರಯಾನ-1ಕ್ಕೆಂದು ಬ್ಯಾಲಾಳುವಿನಲ್ಲಿ ಸ್ಥಾಪಿಸಿದ 32 ಮೀಟರ್ ವ್ಯಾಸದ ಆಂಟೆನಾ ಅದನ್ನು ಗ್ರಹಿಸುತ್ತಿತ್ತು. ಮಂಗಳ ಅಲ್ಲಿನ ದಿಗಂತದ ಕೆಳಗಿಳಿದಾಗ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್ ಮತ್ತು ಕ್ಯಾನ್‌ಬೆರಾಗಳಲ್ಲಿರುವ ನಾಸಾದ ಕೇಂದ್ರಗಳ ನೆರವು ಒದಗುತ್ತಿತ್ತು.

ನೌಕೆಯ ಕಕ್ಷೆ ಅತಿ ಉದ್ದನೆಯ ದೀರ್ಘವೃತ್ತ: ಮಂಗಳಕ್ಕೆ ಹತ್ತಿರದಲ್ಲಿ ಸುಮಾರು 422 ಕಿ.ಮೀ., ದೂರದಲ್ಲಿ ಸುಮಾರು 77,000 ಕಿ.ಮೀ.; ಒಂದು ಸುತ್ತಿಗೆ ಹೆಚ್ಚುಕಡಿಮೆ 73 ಗಂಟೆ. ಗ್ರಹದ ಪೂರ್ಣಬಿಂಬವನ್ನು ಒಂದೇ ಚಿತ್ರದಲ್ಲಿ ಹಿಡಿಯಲು ದೂರದ ತುದಿ ಅನುಕೂಲವಾದರೆ, ಮೇಲ್ಮೈ ವಿವರಗಳಿಗೆ ಹತ್ತಿರದ ಅಲ್ಪಾವಧಿಯನ್ನೇ ಕಾಯಬೇಕಿತ್ತು. ಭೂಮಿಯತ್ತ ತಿರುಗಬೇಕಾದ 2.2 ಮೀಟರ್ ಆಂಟೆನಾ ನೌಕೆಯ ಮೈಗೇ ಜೋಡಿಸಿದ್ದಾದ್ದರಿಂದ, ದತ್ತಾಂಶ ಕಳುಹಿಸಲು ಇಡೀ ನೌಕೆಯೇ ಹೊರಳಬೇಕಿತ್ತು. ಈ ಹೊರಳುವಿಕೆಯನ್ನು ಸಾಧಿಸುವ ಪ್ರತಿಕ್ರಿಯಾ ಚಕ್ರಗಳು ಕಾಲಕ್ರಮೇಣ ವೇಗ ಕೂಡಿಸಿಕೊಳ್ಳುತ್ತವೆ, ಅದನ್ನು ಇಳಿಸಲು ಪುಟ್ಟ ಥ್ರಸ್ಟರ್‌ಗಳನ್ನು ಉರಿಸಬೇಕು, ಉರಿಸಿದಾಗಲೆಲ್ಲ ಇಂಧನ ತುಸು ಸವೆಯುತ್ತದೆ. ಸುದ್ದಿಯಾಗದ ಈ ಖರ್ಚೇ ನೌಕೆಯ ಆಯುಷ್ಯದ ನಿಜವಾದ ಅಳತೆ.

2015ರ ಜೂನ್‌ನಲ್ಲಿ ಭೂಮಿಗೂ ಮಂಗಳಕ್ಕೂ ನಡುವೆ ಸೂರ್ಯ ಬಂದು ಸಂಪರ್ಕ ಕಡಿದಾಗ, ನೌಕೆ ಸುಮಾರು ಎರಡು ವಾರ ಭೂಮಿಯ ಆದೇಶವಿಲ್ಲದೆ ತನ್ನನ್ನು ತಾನೇ ನೋಡಿಕೊಂಡಿತು. ಮರುವರ್ಷದ ಮೇ ತಿಂಗಳಲ್ಲಿ ಸನ್ನಿವೇಶ ತಿರುವುಮುರುವಾಯಿತು: ಸೂರ್ಯ ಮತ್ತು ಮಂಗಳದ ನಡುವೆ ಭೂಮಿ ಬಂದುದರಿಂದ ನೌಕೆಗೆ ಭೂಮಿ, ಸೂರ್ಯ ಎರಡೂ ಒಂದೇ ದಿಕ್ಕಿನಲ್ಲಿದ್ದು, ಸೂರ್ಯನ ರೇಡಿಯೊ ಗದ್ದಲ ಸಂಪರ್ಕಕ್ಕೆ ಅಡ್ಡಿಯಾಯಿತು.

ಇವೆರಡಕ್ಕಿಂತ ಗಂಭೀರವಾದದ್ದು ನೆರಳಿನ ಸಮಸ್ಯೆ. ಮಂಗಳದ ನೆರಳಿನಲ್ಲಿ ಸೌರಫಲಕಗಳು ನಿಷ್ಕ್ರಿಯವಾದಾಗ ನೌಕೆಗೆ ಆಸರೆಯಾಗುವ ಬ್ಯಾಟರಿಯನ್ನು ಸುಮಾರು 1 ಗಂಟೆ 40 ನಿಮಿಷದ ಗ್ರಹಣಕ್ಕೆ ರೂಪಿಸಲಾಗಿತ್ತು. 2017ರ ಆರಂಭದಲ್ಲಿ ಎದುರಾಗಲಿದ್ದ ಗ್ರಹಣಗಳಾದರೋ ಎಂಟು ಗಂಟೆಗಳವರೆಗೆ ಚಾಚಿದ್ದವು. ಉಡಾವಣೆಯ ವೇಳೆ 852 ಕೆ.ಜಿ. ಇದ್ದ ಇಂಧನದಲ್ಲಿ ಮಂಗಳ ತಲುಪಿದ ಮೇಲೆ ಉಳಿದದ್ದು ಸುಮಾರು 40 ಕೆ.ಜಿ. ಮಾತ್ರ. ಆ ಉಳಿಕೆಯಿಂದ ಸುಮಾರು 20 ಕೆ.ಜಿ.ಯನ್ನು ವ್ಯಯಿಸಿ, ಜನವರಿ 17ರಂದು ಎಂಟು ಥ್ರಸ್ಟರ್‌ಗಳನ್ನು 431 ಸೆಕೆಂಡು ಉರಿಸಿ ಕಕ್ಷೆಯನ್ನು ಬದಲಿಸಲಾಯಿತು. ಗ್ರಹಣ ತಪ್ಪಿತು, ಅಲ್ಲಿಯವರೆಗಿನ ಸಣ್ಣಪುಟ್ಟ ಖರ್ಚುಗಳೂ ಸೇರಿ ಇಂಧನ 13 ಕೆ.ಜಿ.ಗೆ ಇಳಿಯಿತು. ಮುಂದಿನ ಐದು ವರ್ಷಗಳನ್ನು ಕೊಂಡುಕೊಟ್ಟ ಈ ನಿರ್ಧಾರ 2014ರ ಕಕ್ಷಾಪ್ರವೇಶಕ್ಕೆ ಸಮಾನವಾದ ಸ್ಥಾನವನ್ನು ಇತಿಹಾಸದಲ್ಲಿ ಪಡೆಯಬೇಕಿತ್ತು.

2022ರ ಏಪ್ರಿಲ್‌ನಲ್ಲಿ ದೀರ್ಘ ಗ್ರಹಣವೊಂದರ ಪರಿಣಾಮವಾಗಿ ಸಂಪರ್ಕ ಕಡಿಯಿತು. ಇಂಧನ ಮುಗಿದಿರಬೇಕು, ವಿದ್ಯುತ್ ಉತ್ಪಾದನೆಗೆ ಬೇಕಾದ ದಿಕ್ಕಿಗೆ ನೌಕೆ ತಿರುಗಲಾಗಿಲ್ಲ ಎಂದು ತರ್ಕಿಸಿದ ಇಸ್ರೊ, ಅದನ್ನು ಮರಳಿ ಪಡೆಯಲಾಗದೆಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.