ಕೆರೆಯಂತೆ ರಕ್ತನಾಳ

ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಮಳೆಗಾಲದಲ್ಲಿ ನುಗ್ಗಿ ಬರುವ ನೀರನ್ನು ಹಿಡಿದಿಟ್ಟು, ತೂಬಿನ ಮೂಲಕ ಗದ್ದೆ-ತೋಟಗಳಿಗೆ ಹದವಾಗಿ ಹರಿಸುತ್ತದೆ. ನಮ್ಮ ಎದೆಯ ಮಹಾಪಧಮನಿಯದೂ ಇಂಥದೇ ಕೆಲಸ. ಹೃದಯ ರಕ್ತವನ್ನು ಚಿಮ್ಮಿದಾಗ ಅದು ಹಿಗ್ಗುತ್ತದೆ. ಮಿಡಿತಗಳ ನಡುವೆ ಕುಗ್ಗಿ ರಕ್ತವನ್ನು ಮುಂದೆ ಸಾಗಿಸುತ್ತದೆ. ಹೂಳು ತುಂಬಿದ ಕೆರೆಗೆ ನೀರು ಹಿಡಿಯುವ ಶಕ್ತಿ ಕುಂದುವಂತೆ, ಗಡುಸಾದ ನಾಳಕ್ಕೆ ಹಿಗ್ಗುವ ಶಕ್ತಿ ಕುಂದುತ್ತದೆ.

ನಾಡಿ ನೋಡುವ ವಿದ್ಯೆ ನಮಗೆ ಹೊಸದಲ್ಲ. ಶಾರ್ಙ್ಗಧರ ಸಂಹಿತೆ ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸಿದೆ. ಆ ಗತಿಯನ್ನು ಲೆಕ್ಕಕ್ಕೆ ತಂದವರು ಇಂಗ್ಲೆಂಡಿನ ಬ್ರಾಮ್‌ವೆಲ್ ಮತ್ತು ಹಿಲ್. ನಾಳ ಗಡುಸಾದಷ್ಟೂ ನಾಡಿಯ ಅಲೆ ವೇಗವಾಗಿ ಓಡುತ್ತದೆಂಬುದನ್ನು ಅವರು 1922ರಲ್ಲಿ ಸೂತ್ರವಾಗಿಸಿದರು.

ಅಧಿಕ ರಕ್ತದೊತ್ತಡದಿಂದಲೇ ನಾಳ ಗಡುಸಾಗುತ್ತದೆ ಎಂಬುದು ಬಹುಕಾಲದ ಎಣಿಕೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಸುಮಾರು 7 ವರ್ಷಗಳ ಅಂತರದಲ್ಲಿ ಜನರನ್ನು ಎರಡು ಬಾರಿ ಪರೀಕ್ಷಿಸಿ, 2012ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಮಾತು ಹೇಳಿತು. ಮೊದಲೇ ನಾಳ ಗಡುಸಾಗಿದ್ದವರಲ್ಲಿ ಮುಂದೆ ರಕ್ತದೊತ್ತಡ ಏರುವ ಸಂಭವ ಹೆಚ್ಚಿತ್ತು. ಮೊದಲಿನ ಒತ್ತಡ ಮಾತ್ರ ನಾಳದ ಮುಂದಿನ ಗಡುಸುತನವನ್ನು ಸೂಚಿಸಲಿಲ್ಲ.

ಅಂದರೆ ಇಂದು ತೋಳಿನ ಪಟ್ಟಿ ತೋರಿಸುವ ಅಂಕಿ ಸರಿಯಿದ್ದರೂ ಒಳಗೆ ಹೂಳು ಸೇರುತ್ತಿರಬಹುದು. ಕೋಡಿ ಬೀಳುವ ಮುನ್ನವೇ ಕೆರೆಯ ಆರೈಕೆ ಮಾಡುವುದು ಜಾಣತನವಲ್ಲವೇ?